ಮದುಮಗಳು ಕೂತ ಎರಡು ಸೀಟಿನ ಕಾರು

"ಇನ್ನು ಮೇಲೆ ಗಾಡಿ ನಿಲ್ಲಿಸೋಕೆ ಜಾಗ ಸಿಗಲಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬಂದರೆ ಕೇಳಿ!"

ಕನ್ನಡಕದಂಗಡಿಯ ಯಜಮಾನರು ಮನೆಮಂದಿಯನ್ನೆಲ್ಲ ಬಾಗಿಲಿಗೆ ಕರೆದು ಹೀಗೆಂದು ಘೋಷಿಸಿದಾಗ ಅವರ ಬೆನ್ನ ಹಿಂದೆ ಒಂದು ಹಳದಿ ಕಾರು ನಿಂತಿತ್ತು. ಕಾರು ಅಂದರೆ ಪೂರ್ತಿ ಕಾರಲ್ಲ. ಯಾವುದೋ ದೊಡ್ಡ ಕಾರು ಅವಸರದಲ್ಲಿ ಹೋಗುತ್ತಾ ತನ್ನ ಮೂತಿಯನ್ನು ಇಲ್ಲೇ ಮರೆತು ಹೋದ ಹಾಗಿತ್ತು. ಎರಡು ಬಾಗಿಲು, ಎರಡು ಸೀಟು, ಸೀಟಿನ ಬೆನ್ನಿಗೇ ಅಂಟಿದ ಹಿಂದಿನ ಗಾಜು. ಅಷ್ಟಕ್ಕೆ ಮುಗಿಯಿತು.

ಹೆಂಡತಿ ಕಾರಿನ ಸುತ್ತ ಒಂದು ಸುತ್ತು ಬಂದಳು. ಸುತ್ತು ಬೇಗ ಮುಗಿಯಿತು.

"ಮಿಕ್ಕಿದ್ದು ಯಾವಾಗ ಬರುತ್ತೆ?"

"ಮಿಕ್ಕಿದ್ದು ಅಂತ ಏನೂ ಇಲ್ಲ. ಇಷ್ಟೇ ಇರೋದು."

"ಮನೇಲಿ ನಾಲ್ಕು ಜನ ಇದೀವಿ, ರೀ. ನೀವು, ನಾನು, ಅತ್ತೆ, ನಿಮ್ಮ ತಂಗಿ."

"ನಾಲ್ಕೂ ಜನ ಒಟ್ಟಿಗೆ ಹೋಗೋದು ಯಾವಾಗ ಹೇಳು? ವರ್ಷಕ್ಕೊಂದು ಸಲ. ಆ ಒಂದು ದಿನಕ್ಕೋಸ್ಕರ ವರ್ಷವೆಲ್ಲ ಖಾಲಿ ಸೀಟು ಹೊತ್ತುಕೊಂಡು ತಿರುಗಬೇಕಾ?"

ಮಾತಿನಲ್ಲಿ ತರ್ಕವಿತ್ತು. ಗಂಡನ ಮಾತಿನಲ್ಲಿ ತರ್ಕ ಕಂಡಾಗಲೆಲ್ಲ ಮನೆಗೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ ಎಂದು ಬಲ್ಲ ಹೆಂಡತಿ ನಿಟ್ಟುಸಿರು ಬಿಟ್ಟು ಒಳಗೆ ಹೋದಳು.

ನಿಜ ಹೇಳಬೇಕೆಂದರೆ ಮೊದಮೊದಲು ಆ ಕಾರು ಯಜಮಾನರ ಮಾನ ಉಳಿಸಿತು. ಅವರ ಅಂಗಡಿ ಇದ್ದದ್ದು ಹಳೆಯ ಪೇಟೆಯಲ್ಲಿ. ಎದುರುಬದುರು ಮನೆಯವರು ಕಿಟಕಿಯಿಂದಲೇ ಕೈಕುಲುಕಬಹುದಾದಂಥ ಬೀದಿ. ದೊಡ್ಡ ಕಾರಿದ್ದಾಗ ಜಾಗಕ್ಕಾಗಿ ಸುತ್ತಿ ಸುತ್ತಿ, ಅಂಗಡಿಯ ಮುಂದೆ ಕಾಯುತ್ತಿದ್ದ ಗಿರಾಕಿಗಳಿಗೆ ಕಾರಿನೊಳಗಿಂದಲೇ ಕೈಬೀಸಿ ಮತ್ತೆ ಮುಂದೆ ಹೋಗುತ್ತಿದ್ದರು. ಈಗ ಹಾಗಲ್ಲ! ಎರಡು ಮರಗಳ ನಡುವೆ, ಕಸದ ತೊಟ್ಟಿಯ ಪಕ್ಕ, ವಿದ್ಯುತ್ ಕಂಬದ ಮರೆಯಲ್ಲಿ, ಎಲ್ಲೆಂದರಲ್ಲಿ ಕಾರು ತೂರಿ ನಿಂತುಬಿಡುತ್ತಿತ್ತು. ಬೀದಿಯ ನಡುವೆ ಒಂದೇ ಏಟಿಗೆ ತಿರುಗುತ್ತಿತ್ತು. ಪೆಟ್ರೋಲಿನ ವಾಸನೆ ತೋರಿಸಿದರೆ ಸಾಕು, ಓಡುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ಯಜಮಾನರ ಬಾಯಲ್ಲಿ ಅಂದು ಎಲ್ಲಿ ಹೇಗೆ ನಿಲ್ಲಿಸಿದೆ ಎಂಬ ಕಥೆಯೇ. ಕೋಟೆ ಗೆದ್ದ ಸೇನಾಪತಿ ಕೂಡ ಅಷ್ಟು ವಿವರ ಕೊಟ್ಟಿರಲಾರ.

ಕಾರಿನ ಸಣ್ಣತನ ಗೊತ್ತಾದದ್ದು ಕನ್ನಡಿ ಕೊಂಡ ದಿನ. ಗಂಡ ಹೆಂಡತಿ ಹೋಗಿ ಆಳೆತ್ತರದ ನಿಲುಗನ್ನಡಿ ಆರಿಸಿದರು. ತರುವಾಗ ಸೀಟು ಒಂದೇ ಉಳಿದಿತ್ತು. ಕನ್ನಡಿ ಸೀಟುಬೆಲ್ಟು ಕಟ್ಟಿಕೊಂಡು ಕಾರಿನಲ್ಲಿ ಬಂತು. ಹೆಂಡತಿ ಬಸ್ಸಿನಲ್ಲಿ ಬಂದಳು.

"ಕನ್ನಡಿ ಆದರೆ ಒಡೆಯುತ್ತೆ, ನೀನು ಒಡೆಯಲ್ಲವಲ್ಲ!" ಎಂದು ಯಜಮಾನರು ಸಮಾಧಾನ ಹೇಳಿದರು. ಆಮೇಲೆ ಎಷ್ಟೋ ದಿನ ಆ ಮನೆಯಲ್ಲಿ ಅವರ ಜೊತೆ ಮಾತಾಡಿದ್ದು ಕನ್ನಡಿಯೊಳಗಿನ ಅವರೇ.

ಅಮ್ಮ ಒಂದೇ ಒಂದು ಸಲ ಕೂತರು. ಮೊಣಕಾಲು ಗದ್ದಕ್ಕೆ ತಾಗಿತು. ಪಕ್ಕದಲ್ಲಿ ಲಾರಿ ಹೋದಾಗ ಕಾರು ಗಡಗಡ ನಡುಗಿತು, ಕಾರಿನ ಜೊತೆ ಅಮ್ಮನೂ.

"ಲೋ, ಇದು ಕೂರೋ ಗಾಡಿಯೋ, ತೊಟ್ಟುಕೊಳ್ಳೋ ಅಂಗಿಯೋ?" ಎಂದು ಕೇಳಿ ಇಳಿದವರು ಮತ್ತೆ ಹತ್ತಲಿಲ್ಲ.

ಇಷ್ಟರಲ್ಲಿ ತಂಗಿಯ ಮದುವೆ ಗೊತ್ತಾಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಹುಡುಗಿ, ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗ. ಇಬ್ಬರೂ ಹೆಚ್ಚು ಮಾತಿನವರಲ್ಲ, ಗದ್ದಲ ಬೇಡ, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದರೆ ಸಾಕು ಎಂದಿದ್ದರು. ಮನೆಮಂದಿಗೆ ಒಂದು ವ್ಯಾನು ಗೊತ್ತುಮಾಡಿದರು.

ಹೊರಡುವ ಹೊತ್ತಿಗೆ ಯಜಮಾನರು ಅಡ್ಡ ಬಂದರು.

"ಮದುಮಗಳು ನನ್ನ ಜೊತೆ."

"ಅಣ್ಣ, ನಾನು ವ್ಯಾನಲ್ಲೇ ಬರ್ತೀನಿ..."

"ಸುಮ್ಮನಿರು. ಆ ಕಚೇರಿ ಹತ್ತಿರ ವ್ಯಾನು ನಿಲ್ಲಿಸೋಕೆ ಜಾಗ ಹುಡುಕೋದರಲ್ಲಿ ನಿನ್ನ ಮುಹೂರ್ತ ಮುಗಿದಿರುತ್ತೆ. ನಾನು ಬಾಗಿಲಿಗೇ ಇಳಿಸ್ತೀನಿ. ಅಣ್ಣನ ಕೈಯಿಂದ ಇಷ್ಟಾದರೂ ಆಗಲಿ."

ಅಪ್ಪ ಇಲ್ಲದ ಮನೆಯಲ್ಲಿ ತಂಗಿಯನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವರು ಅವರು. ಅದು ನೆನಪಾಗಿ ಅವಳು ಹೂವಿನ ಗೊಂಚಲು ಹಿಡಿದು, ಹೊಸ ಬಟ್ಟೆಯನ್ನು ಎಂಟು ಮಡಿಕೆ ಮಾಡಿಕೊಂಡು ಕೂತಳು. ಅವಳ ಕೈಚೀಲಕ್ಕೆ ಕಾರಿನಲ್ಲಿ ಜಾಗವಿರಲಿಲ್ಲ, ವ್ಯಾನಿನಲ್ಲಿ ಅಮ್ಮನ ಕೈಗೆ ಹೋಯಿತು. ಯಜಮಾನರ ಕೋಟು ಸುಕ್ಕಾಗಬಾರದೆಂದು ಹೆಂಡತಿಯ ತೋಳಿಗೆ ಹೋಯಿತು. ಚೀಲದ ಜೊತೆ ಅವಳ ಫೋನೂ, ಕೋಟಿನ ಜೊತೆ ಇವರ ಫೋನೂ ಹೋದವು.

ದಾರಿಯುದ್ದಕ್ಕೂ ಕಾರು ಮೀನಿನ ಹಾಗೆ ನುಸುಳಿತು. ವ್ಯಾನು ಎಲ್ಲೋ ಹಿಂದಿನ ಸಿಗ್ನಲ್ಲಿನಲ್ಲಿ ಉಳಿಯಿತು. "ನೋಡಿದ್ಯಾ?" ಎಂದರು ಯಜಮಾನರು. ಕಚೇರಿಯ ಅಂಗಳ ಭರ್ತಿಯಾಗಿತ್ತು. ಗೋಡೆಗೆ ಮೂತಿ ಮಾಡಿ ನಿಂತ ಒಂದು ಕಪ್ಪು ಕಾರು, ಒಂದು ಬೂದು ಬಣ್ಣದ ಕಾರು. ಅವೆರಡರ ನಡುವೆ ಒಂದು ಸಂದು. "ನೋಡಿದ್ಯಾ!" ಎಂದರು ಮತ್ತೆ.

"ಅಣ್ಣ, ಜಾಗ ಸಾಲಲ್ಲ."

"ದಿನಾ ಊರವರ ಕಣ್ಣು ಅಳೆಯೋನು ನಾನು. ನನಗೇ ಕಣ್ಣಳತೆ ಹೇಳಿಕೊಡ್ತೀಯಾ?"

ಪಕ್ಕದ ಕನ್ನಡಿಗಳನ್ನು ಮಡಚಿ, ಉಸಿರು ಬಿಗಿಹಿಡಿದು ನುಗ್ಗಿಸಿದರು. ಕಣ್ಣಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಕಾರು ಪೆಟ್ಟಿಗೆಯೊಳಗಿನ ಕನ್ನಡಕದ ಹಾಗೆ ಹೋಗಿ ಕೂತಿತು. ಯಜಮಾನರು ಹೆಮ್ಮೆಯಿಂದ ಬಾಗಿಲು ತೆರೆದರು. ಬಾಗಿಲು ಒಂದು ಗೇಣು ತೆರೆದು ಟಕ್ ಎಂದಿತು. ತಂಗಿ ತನ್ನ ಕಡೆಯದನ್ನು ತಳ್ಳಿದಳು. ಅಲ್ಲೂ ಟಕ್.

"ಸರಿ, ಅದಕ್ಕೇನು? ಹಿಂದಕ್ಕೆ ತೆಗೆದರಾಯಿತು" ಎಂದು ಗೇರಿಗೆ ಕೈ ಹಾಕುವುದಕ್ಕೂ, ಹಿಂದಿನ ಗಾಜಿನ ತುಂಬ ಒಂದು ಬಿಳಿ ಗೋಡೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಗೋಡೆಯಲ್ಲ, ವ್ಯಾನು! ಅವರದೇ ವ್ಯಾನು! ಆಚೆ ಬದಿಯಿಂದ ಅಮ್ಮ, ಹೆಂಡತಿ, ಬಂಧುಬಳಗ ಎಲ್ಲ ದಡದಡ ಇಳಿದು ಕಚೇರಿಯೊಳಗೆ ಓಡಿದರು. ಡ್ರೈವರು ಬೀಗ ಹಾಕಿಕೊಂಡು ಚಹಾ ಕುಡಿಯಲು ನಡೆದ.

ಯಜಮಾನರು ಹಾರ್ನ್ ಒತ್ತಿದರು. ಆ ಕಾರಿನ ಹಾರ್ನು ಅದರ ಮೈಗೆ ತಕ್ಕಂತೆಯೇ ಇತ್ತು: "ಪೀಂ!" ಗೇಟಿನ ಹತ್ತಿರ ಯಾರೋ "ಪೀಪಿ ಮಾರೋರು ಇಲ್ಲಿಗೂ ಬಂದ್ರಾ?" ಎಂದದ್ದು ಕೇಳಿಸಿತು.

ಒಳಗೆ ಏನೇನಾಯಿತೆಂದು ಅವರಿಗೆ ತಿಳಿದದ್ದು ಆಮೇಲೆ. ಹೆಂಡತಿ ಗಂಡನಿಗೆ ಫೋನು ಮಾಡಿದಳು. ಫೋನು ಅವಳ ತೋಳಿನ ಮೇಲೇ ಬಡಿದುಕೊಂಡಿತು. ಮದುಮಗಳಿಗೆ ಮಾಡಿದಳು. ಅಮ್ಮನ ಕೈಯೊಳಗಿನ ಚೀಲ ಹಾಡಿತು. ಹುಡುಗನ ತಾಯಿ ಇದನ್ನೆಲ್ಲ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು.

"ನಿಮಗಿಂತ ಮುಂಚೆ ಹೊರಟವರಲ್ವಾ?"

"ಬರ್ತಾರೆ. ಗಾಡಿ ಸ್ವಲ್ಪ ಸಣ್ಣದು."

"ಗಾಡಿ ಸಣ್ಣದಾದರೆ ದಾರಿ ಉದ್ದ ಆಗುತ್ತಾ? ಹುಡುಗಿಗೆ ಇಷ್ಟ ಇಲ್ಲದಿದ್ದರೆ ಮೊದಲೇ ಹೇಳಬಹುದಿತ್ತಲ್ಲ."

ಹುಡುಗ ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡುತ್ತಾ ನಿಂತ. ಕಿಟಕಿಯ ಕೆಳಗೇ ವ್ಯಾನು, ವ್ಯಾನಿನ ಮರೆಯಲ್ಲೇ ಅವನ ಮದುಮಗಳು! ಅವನ ಕಣ್ಣು ಮಾತ್ರ ರಸ್ತೆಯ ಕೊನೆಗೆ ನೆಟ್ಟಿತ್ತು. ಎರಡು ಸಲ ಹೆಸರು ಕರೆದರು. ಮೂರನೆಯ ಸಲ ಕರೆದು ರಿಜಿಸ್ಟ್ರಾರ್ ಎದ್ದುಬಿಟ್ಟರು. ಮುಂದೆ ಸಾಲು ರಜೆ. ಮತ್ತೆ ದಿನ ಸಿಗುವುದು ಯಾವಾಗಲೋ.

ಕಾರಿನೊಳಗೆ ಬಿಸಿಲು ಏರಿತ್ತು. ಹೂವು ತಲೆ ಬಾಗಿಸಿತ್ತು. ಯಜಮಾನರ ಕನ್ನಡಕದ ತುಂಬ ಹಬೆ.

"ಅಣ್ಣ, ನನ್ನ ಮದುವೆ ಇದರೊಳಗೇ ಮುಗಿದುಹೋಗುತ್ತಾ?" ಎಂದ ತಂಗಿಯ ದನಿ ನಡುಗಿತು.

ಆ ದನಿ ಕೇಳಿ ಯಜಮಾನರ ಜಂಬವೆಲ್ಲ ಇಳಿದುಹೋಯಿತು. ಏನಾದರೂ ಆಗಲಿ ಎಂದು ಗಾಜು ಇಳಿಸಿ, ತಲೆ ತೂರಿಸಿ, ಒಂದೊಂದೇ ಭುಜ ಹೊರಗೆ ಹಾಕಿದರು. ಎದೆಯೂ ಬಂತು. ಹೊಟ್ಟೆ ಬರಲಿಲ್ಲ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ! ಪಕ್ಕದ ಕಪ್ಪು ಕಾರಿನ ಗಾಜಿಗೆ ಕೆನ್ನೆ ಒತ್ತಿಕೊಂಡು ನೇತಾಡುತ್ತಿದ್ದಾಗ, ಕಾರಿನ ಕೀ ಕುಣಿಸುತ್ತಾ ಒಬ್ಬರು ಬಂದರು.

"ಯಾರ್ರೀ ಅದು? ನನ್ನ ಕಾರಿನೊಳಗೆ ಏನು ಇಣುಕ್ತಿದೀರಾ?"

"ಇಣುಕ್ತಿಲ್ಲ ಸಾರ್. ಸಿಕ್ಕಿಹಾಕಿಕೊಂಡಿದೀನಿ."

"ಇಲ್ಲಿ ಯಾಕೆ ನುಗ್ಗಿಸಿದಿರಿ? ಇದು ಗಾಡಿ ನಿಲ್ಲಿಸೋ ಜಾಗ ಅಲ್ಲ. ನನ್ನ ಬಾಗಿಲು ತೆಗೆಯೋಕೆ ಅಂತ ಬಿಟ್ಟಿರೋ ಸಂದು!" ಅಷ್ಟರಲ್ಲಿ ಅವರ ಕಣ್ಣಿಗೆ ಒಳಗಿನ ಹೂವು ಬಿತ್ತು, ಹೂವಿನ ಹಿಂದೆ ಅಳುವ ಮುಖ. "ಅವರು ಯಾರು?"

"ಮದುಮಗಳು ಸಾರ್."

ಬಂದವರು ಮನೆಗೆ ಹೊರಟಿದ್ದ ರಿಜಿಸ್ಟ್ರಾರೇ. ಅವರು ಗಂಭೀರರಾದರು. ಅವರ ಕೆಲಸವೇ ಅಂಥದ್ದು. ಬಗ್ಗಿ, ಯಜಮಾನರ ಕಂಕುಳಿನ ಸಂದಿಯಿಂದ ಒಳಗೆ ನೋಡಿ ಕೇಳಿದರು:

"ಹೆದರಬೇಡಮ್ಮ, ಹೇಳು. ನಿನ್ನನ್ನ ಯಾರಾದರೂ ಬಲವಂತವಾಗಿ ಹಿಡಿದಿಟ್ಟುಕೊಂಡಿದ್ದಾರಾ?"

"ಹೌದು ಸಾರ್! ನಮ್ಮಣ್ಣ!"

ಮುಂದಿನದೆಲ್ಲ ಸರಸರ ಆಯಿತು. ರಿಜಿಸ್ಟ್ರಾರ್ ಕೂಗಿದ ಕೂಗಿಗೆ ಕಚೇರಿಗೆ ಕಚೇರಿಯೇ ಹೊರಗೆ ಬಂತು. ಯಾರೋ ಹೋಗಿ ಚಹಾದ ಲೋಟದ ಸಮೇತ ಡ್ರೈವರನ್ನು ಎಳೆದು ತಂದರು. ವ್ಯಾನು ಸರಿಯಿತು. ರಿಜಿಸ್ಟ್ರಾರ್ ಸಂದಿನಲ್ಲಿ ಅಡ್ಡಡ್ಡ ನಡೆದು ಬಂದು ಯಜಮಾನರ ತಲೆ ಹಿಡಿದು ಒತ್ತಿದರು. ಆಚೆ ಕಡೆಯಿಂದ ತಂಗಿ ಸೊಂಟದ ಬೆಲ್ಟು ಹಿಡಿದು ಎಳೆದಳು. ಯಜಮಾನರು ಬಾಟಲಿಯೊಳಗೆ ಬಿರಡೆ ಬಿದ್ದ ಹಾಗೆ ಒಳಗೆ ಬಿದ್ದರು. ಅಂಗಿಯ ಗುಂಡಿಗಳು ಹೊರಗೆ ಬಿದ್ದವು.

"ಜಾಗ ಸಿಕ್ತಾ?" ಎಂದು ಹೆಂಡತಿ ಕೇಳಿದಳು. ಅಷ್ಟೇ ಕೇಳಿದ್ದು.

ಕಾರು ಹಿಂದಕ್ಕೆ ಬಂದ ಕೂಡಲೇ ಹುಡುಗ ಓಡಿ ಬಂದು ಬಾಗಿಲು ತೆರೆದ. "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು" ಎಂದ. ಅವಳು "ನಾನು ಬಂದು ಬಹಳ ಹೊತ್ತಾಯಿತು!" ಎಂದು ಅಳುತ್ತಲೇ ನಕ್ಕಳು. ತಮ್ಮ ಕಾರಿನ ಬಾಗಿಲು ಈಗ ತೆರೆಯುತ್ತದೆಂದು ಖಾತ್ರಿಯಾಗಿ ಮನಸ್ಸು ಹಗುರಾದ ರಿಜಿಸ್ಟ್ರಾರ್ ಮತ್ತೆ ಒಳಗೆ ಬಂದು ಕೂತರು. ಮದುವೆ ಮುಗಿಯಿತು. ಸಾಕ್ಷಿಯ ಸಹಿ ಹಾಕಿದ ಯಜಮಾನರು ಒಂದು ಕೈಯಲ್ಲಿ ಅಂಗಿಯನ್ನು ಮುಚ್ಚಿ ಹಿಡಿದಿದ್ದರು.

ಹೊರಗೆ ಬಂದಾಗ ಹುಡುಗನ ತಾಯಿ ಎಲ್ಲರನ್ನೂ ವ್ಯಾನಿಗೆ ಹತ್ತಿಸುತ್ತಿದ್ದರು. "ಗಂಡು ಹೆಣ್ಣು ನಡುವೆ ಕೂರಲಿ, ನಾನು ಪಕ್ಕದಲ್ಲೇ ಕೂರ್ತೀನಿ, ಚಿಕ್ಕಮ್ಮ ಈ ಕಡೆ..." ಹುಡುಗ ಹಿಂದೆ ಸರಿದು ಯಜಮಾನರ ಹತ್ತಿರ ಬಂದ.

"ಭಾವ, ಇದರಲ್ಲಿ ಇಬ್ಬರೇ ಕೂರೋದಾ?"

"ಇಬ್ಬರೇ ಕಣಪ್ಪ" ಎಂದರು ಯಜಮಾನರು, ತಲೆ ತಗ್ಗಿಸಿ.

"ಮೂರನೆಯವರು ಎಷ್ಟೇ ಹಟ ಮಾಡಿದರೂ?"

"ಸಾಧ್ಯವೇ ಇಲ್ಲ."

ಆ ಮಾತಿಲ್ಲದ ಹುಡುಗನ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. "ಕೀ ಕೊಡ್ತೀರಾ, ಭಾವ?"

ಹಳದಿ ಕಾರು ಮದುಮಕ್ಕಳನ್ನು ಹೊತ್ತು "ಪೀಂ" ಎನ್ನುತ್ತಾ ಹೋಯಿತು. ಯಜಮಾನರು ಹುಡುಗನ ತಾಯಿಗೂ ಚಿಕ್ಕಮ್ಮನಿಗೂ ನಡುವೆ ಕೂತು ವ್ಯಾನಿನಲ್ಲಿ ಮನೆಗೆ ಬಂದರು.

ಕಾರು ಮಾರನೆಯ ದಿನ ಬರಲಿಲ್ಲ. ಆ ವಾರ ಬರಲಿಲ್ಲ. ತಿಂಗಳೂ ಕಳೆಯಿತು. ಒಂದು ಬೆಳಿಗ್ಗೆ ಅಂಗಡಿಗೆ ಹೋಗುವ ಬಸ್ಸಿನಲ್ಲಿ, ಯಾರದೋ ಬುಟ್ಟಿಗೂ ಯಾರದೋ ಮೊಣಕೈಗೂ ನಡುವೆ ನಿಂತ ಯಜಮಾನರು ತಡೆಯಲಾರದೆ ತಂಗಿಗೆ ಫೋನು ಮಾಡಿದರು.

"ಗಾಡಿ ಹೇಗಿದೆಯಮ್ಮ?"

"ಅಯ್ಯೋ ಅಣ್ಣ, ಎಂಥ ಒಳ್ಳೇ ಗಾಡಿ ಅಂತೀಯಾ! ನಾವು ಎಲ್ಲಿಗೆ ಹೊರಟರೂ ಅತ್ತೆ ಬಾಗಿಲ ತನಕ ಬರ್ತಾರೆ, ಒಳಗೆ ಒಂದು ಸಲ ನೋಡ್ತಾರೆ, 'ಸರಿ, ನೀವಿಬ್ಬರೇ ಹೋಗಿ ಬನ್ನಿ' ಅಂತಾರೆ."

"ಸಂತೋಷ, ಸಂತೋಷ. ಮತ್ತೆ... ವಾಪಸ್ ಯಾವಾಗ ಕೊಡ್ತೀರಾ?"

ತಂಗಿ ನಾಚಿಕೊಂಡೇ ಹೇಳಿದಳು:

"ನಾವು ಮೂರು ಜನ ಆದ ಕೂಡಲೇ ಕೊಟ್ಟುಬಿಡ್ತೀವಿ, ಅಣ್ಣ!"