ಕಾರಿನ ಬಿಳಿ ಮಬ್ಬಿಗೆ ನಾ ಹೊಣೆ ಅಲ್ಲರೀ

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಕಾರು ತೊಳೆಯುವ ಅಂಗಡಿ ಇಟ್ಟುಕೊಂಡವಳು ನಾನು. ವಾರಕ್ಕೊಂದಾದರೂ ಜಗಳವಾಗದಿದ್ದರೆ ಊರಿನಲ್ಲಿ ಏನೋ ಕೆಟ್ಟಿದೆ ಅಂತಲೇ ಲೆಕ್ಕ. ಜಗಳದ ಮೂಲ ಯಾವಾಗಲೂ ಒಂದೇ: ತೊಳೆದು, ಪಾಲಿಶ್ ಹಾಕಿ ಕಳಿಸಿದ ಕಾರಿನ ಮೇಲೆ ಆಮೇಲೆ ಕಾಣುವ ಬಿಳಿ ಮಬ್ಬು. ಮಜ್ಜಿಗೆ ಕುಡಿದ ಲೋಟವನ್ನು ಹಾಗೇ ಬಿಟ್ಟರೆ ಒಂದು ಪೊರೆ ಕೂರುತ್ತದಲ್ಲ, ಹಾಗೆ. ನಮ್ಮ ಬೋರಿನ ನೀರಿನಲ್ಲಿ ಉಪ್ಪು ಜಾಸ್ತಿ. ಒರೆಸುವ ಮೊದಲೇ ಒಣಗಿದರೆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಪಾಲಿಶ್ ಒಣಗಿದರೂ ಇದೇ ಕತೆ. ಅದಕ್ಕೇ ನಾನು ನೆರಳಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ನನ್ನ ಕೆಲಸ ಕೆಟ್ಟಿದ್ದರೆ ಮತ್ತೆ ತೊಳೆದು ಕೊಡುತ್ತೇನೆ. ನನ್ನದಲ್ಲದ ತಪ್ಪಿಗೆ ಮಾತ್ರ, ಯಾರೇ ಬರಲಿ, ತಲೆ ತಗ್ಗಿಸುವವಳಲ್ಲ.

ಓನರ್ ಎಲ್ಲದಾರ?

ಅಂಗಡಿ ತೆಗೆದ ಹೊಸತು. ಸತ್ಯನಾರಾಯಣಪೇಟೆಯ ವ್ಯಾಪಾರಿಯೊಬ್ಬರು ಕರೀ ಕಾರು ತಂದರು.

"ಓನರ್ ಎಲ್ಲದಾರಮ್ಮಾ?"

"ನಾನಾ ರೀ."

"ಅಲ್ಲಮ್ಮಾ, ಓನರ್ರು."

"ನಾನಾ."

"ನಿಮ್ ಯಜಮಾನ್ರು?"

"ಸಾಲ್ಯಾಗ ಲೆಕ್ಕ ಹೇಳಿಕೊಡಾಕ ಹೋಗ್ಯಾರ. ಲೆಕ್ಕ ಕಲೀಬೇಕಂದ್ರ ಅಲ್ಲಿಗೆ ಹೋಗ್ರಿ. ಕಾರು ತೊಳಸಬೇಕಂದ್ರ ಶೆಡ್ಡಿನ್ಯಾಗ ತರ್ರಿ."

ಶೆಡ್ಡಿನ ಒಳಗೆ ಬೇಡವಂತೆ. ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾರು ಕಾಣಬೇಕಂತೆ. ಬಳ್ಳಾರಿಯ ಬೇಸಿಗೆ, ಮಟಮಟ ಮಧ್ಯಾಹ್ನ, ಬಾನೆಟ್ ರೊಟ್ಟಿ ಹಂಚಿನ ಹಾಗೆ ಕಾದಿತ್ತು.

"ಬಿಸಿಲಾಗ ಬ್ಯಾಡ್ರಿ, ಒರಸೂದ್ರೊಳಗ ನೀರು ಒಣಗಿ ಕಲೆ ಕೂರತಾವು" ಎಂದೆ.

"ಹೇಳಿದಷ್ಟು ಮಾಡಮ್ಮಾ" ಎಂದರು.

ನಾನು ಪೈಪು ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತೆ. ಅವರಿಗೂ ಹಟ ಬಂತು. ಪೈಪು ತೆಗೆದುಕೊಂಡು ತಾವೇ ಕಾರಿಗೆ ನೀರು ಬಿಟ್ಟರು. ನೋಡನೋಡುತ್ತಲೇ ಕರೀ ಕಾರಿನ ಮೈತುಂಬ ಬಿಳಿ ಚುಕ್ಕೆ ಎದ್ದವು.

"ಇದೇನಮ್ಮಾ ಇದು?" ಎಂದು ಗಾಬರಿಯಾಗಿ ನನ್ನ ಕಡೆ ತಿರುಗಿದರು.

"ನನಗೇನ್ ಗೊತ್ರಿ? ತಡೀರಿ, ಓನರ್ ಬರ್ಲಿ, ಕೇಳೂಣು" ಎಂದೆ.

ಸಾಹುಕಾರರ ಮೀಸೆ

ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಫೋನಿನಲ್ಲಿ ಹಾರಾಡಿದರು. ಬೆಳಿಗ್ಗೆ ಅವರ ಕೆಂಪು ಕಾರನ್ನು ಕನ್ನಡಿಯಂತೆ ಮಾಡಿ ಕಳಿಸಿದ್ದೆ. ಮಧ್ಯಾಹ್ನಕ್ಕೆಲ್ಲ ಬೆಳ್ಳಗಾಗಿದೆಯಂತೆ.

"ಕಳ್ಳ ಪಾಲಿಶ್ ಹಚ್ಚೀಯವ್ವಾ ನೀನು! ಸಿರುಗುಪ್ಪದ ಒಂದು ಗಾಡೀನೂ ನಿನ್ ಕಡೆ ಬರದಂಗ ಮಾಡ್ತೀನಿ, ನೋಡ್ತಿರು!"

ನನ್ನ ಅಂಗಡಿ ನಡೆಯುವುದೇ ಸಿರುಗುಪ್ಪದ ಗಿರಾಕಿಗಳಿಂದ. ಫೋನಿನಲ್ಲಿ ಅಳುತ್ತ ಕೂರುವ ಬದಲು ಬಸ್ಸು ಹತ್ತಿದೆ.

ಕಾರು ಗಿರಣಿಯ ಅಂಗಳದಲ್ಲಿ ನಿಂತಿತ್ತು, ಅದೂ ಸರಿಯಾಗಿ ತೌಡಿನ ಧೂಳು ಹೊರಗೆ ಬರುವ ಕಿಂಡಿಯ ಕೆಳಗೆ. ಪಕ್ಕದ ಬೇವಿನ ಮರ ಬೆಳ್ಳಗಿತ್ತು. ಮರದ ಬುಡದಲ್ಲಿ ಮಲಗಿದ್ದ ಕರೀ ನಾಯಿಯೂ ಬೆಳ್ಳಗಿತ್ತು. ಸಾಹುಕಾರರು ಬಿರುಸಿನಿಂದ ಬಂದವರೇ ಬಾನೆಟ್ ಮೇಲೆ ಬೆರಳೆಳೆದು ತೋರಿಸಿದರು.

"ಇದು ನಿನ್ ಪಾಲಿಶ್ ಅಲ್ಲದ ಮತ್ತೇನು?"

ಮಾತಿನ ರಭಸಕ್ಕೆ ಅವರ ಮೀಸೆಯಿಂದ ಒಂದಿಷ್ಟು ಪುಡಿ ಹಾರಿತು.

"ಆತು ಬಿಡ್ರಿ ಸಾಹುಕಾರ್ರ. ಕಾರಿಗೆ ಹಚ್ಚಿದಾಕಿ ನಾನಾ. ನಾಯಿಗೆ ಹಚ್ಚಿದಾಕೀನೂ ನಾನಾ. ಆದ್ರ ನಿಮ್ ಮೀಸಿಗೆ ಯಾವಾಗ ಹಚ್ಚಿದೆ, ಅದೊಂದು ನೆನಪಾಗವಲ್ದು!"

ಮೂಟೆ ಹೊರುತ್ತಿದ್ದ ಹಮಾಲರು ಮೂಟೆ ಇಳಿಸಿ ನಕ್ಕರು. ಸಾಹುಕಾರರು ಮೀಸೆ ಒರೆಸಿಕೊಂಡು, ಚಹಾ ತರಿಸಿದರು. ಕುಡಿಯುವಷ್ಟರಲ್ಲಿ ಚಹಾದ ಮೇಲೂ ತೆಳ್ಳಗೆ ಪಾಲಿಶ್ ಕೂತಿತ್ತು.

ಕುರುಗೋಡಿನ ಕಾವಲು

ಕುರುಗೋಡಿನ ಕಾಲೇಜು ಮೇಷ್ಟ್ರೊಬ್ಬರದು ಬೇರೆಯೇ ದೂರು. ಕಾರಿನ ಉಳಿದೆಲ್ಲ ಕಡೆ ಹೊಳಪು, ಬಾನೆಟ್ ಮತ್ತು ಮುಂದಿನ ದೀಪಗಳ ಮೇಲೆ ಮಾತ್ರ ಮಬ್ಬು. ಶಾಂಪೂ ಬದಲಿಸಿದೆ, ಬಟ್ಟೆ ಬದಲಿಸಿದೆ. ಭಾನುವಾರ ತೊಳೆದು ಕಳಿಸಿದರೆ ಮಂಗಳವಾರ ಮಬ್ಬು ಹಾಜರು. "ಮೇಡಂ, ನಿಮ್ ಕೈ ಸರಿ ಇಲ್ಲ ಬಿಡ್ರಿ" ಎಂದುಬಿಟ್ಟರು. ನನ್ನ ಕೈಯ ಸುದ್ದಿಗೆ ಬಂದರೆ ನಾನು ಬಿಡುತ್ತೇನೆಯೇ? ಸೋಮವಾರ ಬೆಳಿಗ್ಗೆ ಕುರುಗೋಡಿನ ಅವರ ಮನೆ ಮುಂದೆ ನಿಂತೆ.

ಮೇಷ್ಟ್ರ ತಾಯಿ ಸ್ನಾನ ಮಾಡಿ ಬಂದರು. ಒದ್ದೆ ಕೈಯಲ್ಲಿ ವಿಭೂತಿ ಕಲಸಿ ಬಾನೆಟ್ಟಿಗೆ ಈ ತುದಿಯಿಂದ ಆ ತುದಿಗೆ ಎಳೆದರು. ಮುಂದಿನ ದೀಪಗಳಿಗೂ ಬಳಿದರು. ಕೈಯಲ್ಲಿ ಉಳಿದದ್ದನ್ನು ಬಾನೆಟ್ಟಿಗೇ ಒರೆಸಿದರು. ನಾನು ಮೇಷ್ಟ್ರ ಮುಖ ನೋಡಿದೆ. ಅವರು ಆಕಾಶ ನೋಡಿದರು.

"ಅವ್ವಾರ, ಇದರಿಂದಾನ ಬಾನೆಟ್ ಮಬ್ಬಾಗಾಕತ್ತೈತ್ರಿ" ಎಂದೆ.

"ಮಬ್ಬಲ್ಲವ್ವಾ ತಂಗಿ, ಅದು ಕಾವಲು. ನೀ ಬೇಕಾದಷ್ಟು ತೊಳಿ, ನಾ ಹಚ್ಚಾಕಿನಾ. ಇವ ಗಾಡಿ ಓಡಸೂದು ನೀ ಇನ್ನಾ ನೋಡಿಲ್ಲ."

ನಾನೂ ಸುಲಭಕ್ಕೆ ಬಿಡುವವಳಲ್ಲ, ಇನ್ನಷ್ಟು ವಾದ ಮಾಡಿದೆ. ಆಮೇಲೆ ಮೇಷ್ಟ್ರು ಅದೇ ಕಾರಿನಲ್ಲಿ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟರು. ಕೆಳಗಿಳಿದವಳೇ ನಾನೂ ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಲೈವ್

ಇದು ಮೊನ್ನೆ ಮೊನ್ನೆಯದು. ಹೊಸದಾಗಿ ಮದುವೆಯಾದ ಅಳಿಯನೊಬ್ಬ ಮಾವ ಕೊಡಿಸಿದ, ಹಿಂದಿನ ದಿನವಷ್ಟೇ ನಾನು ತೊಳೆದುಕೊಟ್ಟಿದ್ದ ಕಾರು ತಂದು ಅಂಗಡಿ ಎದುರು ಅಡ್ಡಡ್ಡ ನಿಲ್ಲಿಸಿದ. ಫೋನ್ ಎತ್ತಿ ಹಿಡಿದು ಲೈವ್ ಶುರು ಮಾಡಿದ.

"ಫ್ರೆಂಡ್ಸ್, ಈ ಅಂಗಡೀಗೆ ಯಾರೂ ಬರಬ್ಯಾಡ್ರಿ. ಎರಡು ಬಾಗಿಲ ನಡುವಿನ ಕರೀ ಪಟ್ಟಿ ನೋಡ್ರಿ, ಹೆಂಗ ಮಬ್ಬು ಮಾಡ್ಯಾರ!"

ಎದುರಿನ ಚಹಾ ಅಂಗಡಿ ಪೂರ್ತಿ ನನ್ನ ಬಾಗಿಲಿಗೆ ಬಂತು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಟ್ಟಿದ ಹೆಸರನ್ನು ಇವನು ನಿಂತಲ್ಲೇ ಕೆಡವುತ್ತಿದ್ದ.

"ಬಂದ್ ಮಾಡಬ್ಯಾಡಪ್ಪಾ, ಹಂಗಾ ಹಿಡಿ. ಊರೆಲ್ಲ ನೋಡ್ಲಿ" ಎಂದು ಹೇಳಿ ಪಟ್ಟಿಯ ಹತ್ತಿರ ಬಗ್ಗಿದೆ. ಮಬ್ಬು ಇದ್ದದ್ದು ನಿಜ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಜನ ಪಿಸುಗುಟ್ಟಿದರು. ಉಗುರಿನಿಂದ ಅಂಚು ಕೆರೆದೆ. ಏನೋ ಮೇಲೆದ್ದಿತು. ಹಿಡಿದು ಎಳೆದೆ.

ಚರ್ ಅಂತ ಉದ್ದಕ್ಕೆ ಸುಲಿದು ಬಂತು.

"ಅಯ್ಯಯ್ಯೋ! ಪೇಂಟ್ ಕಿತ್ತಿದ್ಲ್ರೀ! ಪೇಂಟ್ ಕಿತ್ತಿದ್ಲು!" ಎಂದು ಲೈವಿನಲ್ಲೇ ಅರಚಿದ.

ಅದು ಪೇಂಟ್ ಅಲ್ಲ. ಹೊಸ ಕಾರಿಗೆ ಗೀರು ಬೀಳದಿರಲಿ ಎಂದು ಕಂಪನಿಯವರು ಅಂಟಿಸಿ ಕಳಿಸುವ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ತಂದ ದಿನವೇ ತೆಗೆಯಬೇಕು. ಇವನು ತೆಗೆದಿರಲಿಲ್ಲ, ಹಾಳೆಯ ಕೆಳಗೆ ನೀರು ಸೇರಿ ಮಬ್ಬಾಗಿತ್ತು. ಕೆಳಗಿನ ಪಟ್ಟಿ ಕಾಡಿಗೆಯಂತೆ ಫಳಫಳ ಹೊಳೆಯಿತು. ನಾನು ಹಾಳೆಯನ್ನು ಎತ್ತಿ ಫೋನಿನ ಮುಂದೆ ಹಿಡಿದೆ.

"ಬಳ್ಳಾರಿ ಮಂದೆಲ್ಲ ನೋಡ್ರಪ್ಪಾ. ಇದಾ ನಾ ಮಾಡಿದ ಮಬ್ಬು!"

ಚಹಾ ಅಂಗಡಿಯವರು ಶಿಳ್ಳೆ ಹೊಡೆದರು. ಅಳಿಯ ಲೈವ್ ಬಂದ್ ಮಾಡಿದ. ಕ್ಷಮೆ ಕೇಳುತ್ತಾನೇನೋ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅವನು ಆ ಕಡೆ ಈ ಕಡೆ ನೋಡಿ, ಹತ್ತಿರ ಬಂದು, ಮೆಲ್ಲಗೆ ಕೇಳಿದ:

"ಅಕ್ಕಾ, ಅದನ್ನ ವಾಪಸ್ ಅಂಟಸಾಕ ಬರತೈತೇನ್ರಿ? ನಮ್ ಮಾವಾರ ಮನ್ಯಾಗ ಫ್ರಿಜ್ಜಿನ ಕವರ್ ಸೈತ ಇನ್ನಾ ತಗದಿಲ್ರಿ!"