ಹಾಡು ನಿಲ್ಲಿಸದ ತೊಟ್ಟಿಲಿನ ಕಂಪನಿಗೆ

ತಾನಾಗಿ ತೂಗುವ ತೊಟ್ಟಿಲುಗಳ ತಯಾರಕರೂ ನಿದ್ದೆಗೆಟ್ಟ ತಾಯಂದಿರ ಪರಮಾಪ್ತರೂ ಆದ 'ಅಕ್ ಉಯ್ಕು' ಕಂಪನಿಯ ಮಾನ್ಯರೇ,

ಓಶ್ ನಗರದಿಂದ ಬುರುಲ್ಚಾ ಎಂಬವಳ ಸವಿನಯ ವಂದನೆಗಳು. ಈಗ ಬೆಳಗಿನ ಜಾವ ಮೂರೂಕಾಲು. ನನ್ನನ್ನು ಎಬ್ಬಿಸಿದ್ದು ನನ್ನ ಮಗುವಿನ ಅಳುವಲ್ಲ. ಗೋಡೆಯಾಚೆ, ನನ್ನ ಗಂಡನ ಚಿಕ್ಕಮ್ಮ ಸೈರಾಕಾನ್ ಅವರ ಮನೆಯಲ್ಲಿ ತಮ್ಮ ಕಂಪನಿಯ ತೊಟ್ಟಿಲು ಹಾಡತೊಡಗಿದ ಸದ್ದು. ವೈರು ಕಿತ್ತರೂ ಹಾಡುತ್ತಿದೆ. ಇಂಥ ಕರ್ತವ್ಯನಿಷ್ಠೆ ಮನುಷ್ಯರಲ್ಲೂ ಅಪರೂಪ.

ತಮ್ಮ ವ್ಯಾಪಾರದ ಏರ್ಪಾಡನ್ನು ನಾನು ಮನಸಾರೆ ಮೆಚ್ಚಿದವಳು. ನಾನು ತೊಟ್ಟಿಲನ್ನು ಹೊಗಳಿ ತಾವು ಕೊಟ್ಟ ಲಿಂಕ್ ಹಂಚಬೇಕು, ಅದನ್ನು ಒತ್ತಿ ಬಂದವರು ಕೊಂಡರೆ ನೂರಕ್ಕೆ ಎಂಟು ನನಗೆ. ನಮ್ಮಲ್ಲೂ ಸಿಹಿಸುದ್ದಿಯನ್ನು ಮೊದಲು ತಂದವರ ಕೈಗೆ ಸುಯುಂಚು ಎಂದು ಏನಾದರೂ ಇಟ್ಟೇ ಕಳಿಸುವುದು. ಇದೂ ಅದೇ ಅಂದುಕೊಂಡು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಅಂಗಳದ ಏಳು ಮನೆಗೂ ಹೋಗಿ ಗುಣಗಾನ ಮಾಡಿ, ಲಿಂಕ್ ಕೊಟ್ಟು ಬಂದೆ. ಏಳೂ ಮನೆಯವರು ಕೊಂಡರು. ಆದರೆ ಹಣ ಕಟ್ಟುವ ಹೊತ್ತಿಗೆ ಚಿಕ್ಕಮ್ಮ ಎಲ್ಲಿಂದಲೋ ಒಂದು ರಿಯಾಯಿತಿ ಕೂಪನ್ನಿನ ಲಿಂಕ್ ಹುಡುಕಿ ಎಲ್ಲರಿಗೂ ಕಳಿಸಿದರು. ತಮ್ಮ ಯಂತ್ರಕ್ಕೆ ಕೊನೆಯಲ್ಲಿ ಒತ್ತಿದ ಲಿಂಕಷ್ಟೇ ಕಾಣುವುದಂತೆ. ಹೀಗಾಗಿ ಏಳೂ ತೊಟ್ಟಿಲಿನ ಮಾರಾಟವೂ ಅದರ ನೂರಕ್ಕೆ ಎಂಟೂ, ನಮ್ಮ ಅಂಗಳದ ನಾಯಿಗೂ ಗುರುತಿಲ್ಲದ ಆ ಕೂಪನ್ನಿನವನ ಹೆಸರಿಗೆ ಸೇರಿದವು.

ಹೋಗಲಿ, ಉಣ್ಣಲಿ ಪಾಪ. ಆದರೆ ಈಗ ಚಿಕ್ಕಮ್ಮ ತಟ್ಟಿದ್ದು ನನ್ನ ಬಾಗಿಲನ್ನು.

"ನಿನ್ನ ಮಾತು ನಂಬಿ ತಗೊಂಡ್ವಲ್ಲೇ ಸೊಸೆ, ನೀನೇ ಬಂದು ಇದರ ಬಾಯಿ ಮುಚ್ಚಿಸು. ಕೂಸು ಬೆಚ್ಚಿ ಬೆಚ್ಚಿ ಏಳ್ತಿದೆ."

"ಕಂಪನಿ ಪ್ರಕಾರ ನಿಮಗೆ ಹೇಳಿದ್ದು ನಾನಲ್ಲ, ಚಿಕ್ಕಮ್ಮ."

"ಹೌದಾ? ಹಾಗಾದ್ರೆ ನಮ್ಮನೇಲಿ ಕೂತು ಮೂರು ಬಟ್ಟಲು ಚಹಾ ಕುಡಿದೋಳು ಯಾರು, ಕಂಪನಿನಾ?"

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಈ ಮಾರಾಟ ನನ್ನ ಮೂಲಕ ಆಗಿಲ್ಲವಾದ್ದರಿಂದ ನನಗೆ ಉತ್ತರಿಸುವಂತಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿ ಫೋನ್ ಇಟ್ಟುಬಿಟ್ಟರು. ಆದ್ದರಿಂದ ಈ ಪತ್ರವನ್ನು ಅಂತರ್ಜಾಲದ ನನ್ನ ಪುಟದಲ್ಲೇ ಹಾಕಿ, ಅದನ್ನು ಓದುವವರೆಲ್ಲರ ಎದುರು ಒಂದು ಚಿಕ್ಕ ಬಿನ್ನಹ: ಲಾಭದಂತೆ ದೂರನ್ನೂ ಕೊನೆಯ ಲಿಂಕಿನವರಿಗೇ ತಲುಪಿಸುವ ಯಂತ್ರವೊಂದನ್ನು ಮಾಡಿಸಿ. ಅಲ್ಲಿಯವರೆಗೆ ಆ ಮಹಾನುಭಾವನನ್ನೇ ಇಲ್ಲಿಗೆ ಕಳಿಸಿ, ಏಳು ಕೂಸುಗಳನ್ನೂ ಸರದಿಯಲ್ಲಿ ತೂಗಲಿ.

ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಮ್ಮನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಲವತ್ತು ಹೆಂಗಸರು ಬರುತ್ತಾರೆ. ಅವರೆದುರು ಇದು ಹೀಗೇ ಅರಚಿದರೆ, ಕೂಸಿಗೆ ಜ್ವರ ಬಂದಾಗ ಯಾವ ಡಾಕ್ಟರು ಒಳ್ಳೆಯವರು ಎಂದು ಕೂಡ ಈ ಅಂಗಳದಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ.

ಲೆಕ್ಕಕ್ಕಿಲ್ಲದಿದ್ದರೂ ತಮ್ಮ ವಿಶ್ವಾಸಿ,
ಬುರುಲ್ಚಾ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಎದುರು ಮನೆಯದೂ ದನಿಗೂಡಿಸಿದೆ. ದಯವಿಟ್ಟು ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ, ನಿಲ್ಲಿಸುವ ಗುಂಡಿ ಎಲ್ಲಿದೆ ಎಂದಷ್ಟೇ ಹೇಳಿ. ಬೇಕಿದ್ದರೆ ಆ ಫೋನನ್ನೂ ಕೂಪನ್ನಿನವನ ಹೆಸರಿಗೇ ಬರೆದುಕೊಳ್ಳಿ.