ಮೇಜಿನ ಮೇಲೆ ಹುಳ ಸುರಿದು ‘ನೋಡಿ’ ಎನ್ನುವುದನ್ನು ನಿರ್ಬಂಧಿಸುವ ಸುತ್ತೋಲೆ

(ಇಲಾಖೆಯ ಹೆಸರಿನ ಬೋರ್ಡು ಬಣ್ಣಕ್ಕೆ ಹೋಗಿದ್ದು, ಬಂದ ನಂತರ ಓದಿಕೊಳ್ಳತಕ್ಕದ್ದು)

ಕ್ರಮಾಂಕ: ಹೊಗೆ/ಶಿಡ್ಲ/ನೋಡೋಣ/ನಾಳೆ ಬಾ/2025-26
ದಿನಾಂಕ: ಬುಧವಾರ, ಕರೆಂಟು ಬಂದ ಮೇಲೆ

ವಿಷಯ: ‘ನೋಡು’ ಎಂಬ ಕ್ರಿಯಾಪದವನ್ನು ಸಾರ್ವಜನಿಕರು ಕಂಡಕಂಡಲ್ಲಿ ಬಳಸುತ್ತಿರುವ ಬಗ್ಗೆ.

ಉಲ್ಲೇಖ: 1) ಸಿದ್ಧಾರ್ಥ್ ಬಿನ್ ಬಯ್ಯಪ್ಪ ಎಂಬಾತನ ಮೌಖಿಕ ಕಿರುಚಾಟ, ಸೋಮವಾರ.
2) ಆತನ ತಾಯಿ ಅಶ್ವತ್ಥಮ್ಮನವರ ಖುದ್ದು ಭೇಟಿ, ಮಂಗಳವಾರ.

ಪ್ರಸ್ತಾವನೆ:

ಶಿಡ್ಲಘಟ್ಟದ ಅಂಚಿನ ಬೀದಿಯಲ್ಲಿ ರೇಷ್ಮೆ ಹುಳ ಮೇಯಿಸುವ ಸದರಿ ಸಿದ್ಧಾರ್ಥ್, ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಕಚೇರಿಗೆ ನುಗ್ಗಿ, ಸೊಳ್ಳೆಗೆಂದು ಬುಧವಾರ ತನ್ನ ಬೀದಿಗೆ ಬಿಡಲಿರುವ ಹೊಗೆಯಿಂದ ಹುಳವೆಲ್ಲ ಸಾಯುವುದೆಂದು ತಿಳಿಸಿರುತ್ತಾನೆ. ಹುಳ ಹಣ್ಣಾಗಿದೆ, ಅಂದರೆ ಸೊಪ್ಪು ಬಿಟ್ಟು ಗೂಡು ಕಟ್ಟಲು ತಲೆಯೆತ್ತಿ ಜಾಗ ಹುಡುಕುತ್ತಿದೆ. ಕಟ್ಟಿ ಮುಗಿಸುವ ತನಕ ಹೊಗೆ ನಿಲ್ಲಿಸಿ ಎಂಬುದು ಆತನ ಕೋರಿಕೆ. “ಈ ಬೆಳೆ ಹೋದ್ರೆ ನನ್ ತಂಗಿ ತನುಜನ ನರ್ಸಿಂಗ್ ಕಾಲೇಜೂ ಹೋಯ್ತು ಸಾರ್” ಎಂದು ಸಂಬಂಧವಿಲ್ಲದ ಕಾಲೇಜನ್ನೂ ಎಳೆದು ತಂದಿರುತ್ತಾನೆ.

ಹೊಗೆ ವಿಭಾಗದ ಅಧಿಕಾರಿ ಮುರಳಿಮೋಹನ್ ಅವರು ನಿಯಮಾನುಸಾರ ಮೊಬೈಲಿನಿಂದ ತಲೆಯೆತ್ತದೆ “ನೋಡೋಣ” ಎಂದಿರುತ್ತಾರೆ. ಇಷ್ಟು ಸ್ಪಷ್ಟ ಉತ್ತರ ಸಿಕ್ಕಿದರೂ ಮನೆಗೆ ಹೋಗದೆ, “ಯಾವಾಗ ನೋಡ್ತೀರ? ಹುಳಕ್ಕೆ ನಾಳೆ ನಾಡಿದ್ದು ಗೊತ್ತಾಗಲ್ಲ. ಬನ್ನಿ, ಈಗ್ಲೇ ನೋಡಿ, ಗಾಡಿ ತಂದಿದೀನಿ” ಎಂದು ಕ್ರಿಯಾಪದವನ್ನು ಅರ್ಥದ ಸಮೇತ ಬಳಸಿ ಕಚೇರಿಯ ಶಾಂತಿ ಕದಡಿರುತ್ತಾನೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ‘ನೋಡುವವರು’ ಅದನ್ನು ಬೆರಳಲ್ಲಿ ಅದುಮಿ, ಕಿವಿಯ ಬಳಿ ಅಲ್ಲಾಡಿಸುತ್ತಿರುವುದು ಕಂಡುಬಂದಿದೆ. ಕೈಯಲ್ಲಿ, ಕಿವಿಯಲ್ಲಿ ನೋಡಲು ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು.

2. ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಕ್ರೇಟಿನ ತಳಕ್ಕೆ ಕೈ ಹಾಕಿ ನೋಡುವುದನ್ನು ನಿಷೇಧಿಸಲಾಗಿದೆ. ತಳ ನೋಡುವ ಚಟ ಟೊಮೆಟೊಗೆ ನಿಲ್ಲದೆ ರಸ್ತೆ ಕಾಮಗಾರಿಗೂ ಹಬ್ಬುವ ಅಪಾಯವಿರುತ್ತದೆ.

3. ಚಿಕ್ಕಬಳ್ಳಾಪುರದಲ್ಲಿ ಡಾಕ್ಟರು ರಿಪೋರ್ಟು ನೋಡಿದರೆ ರೋಗಿಯನ್ನು ನೋಡಿದಂತೆಯೇ. ರೋಗಿ ಬಾರದೆ ರಿಪೋರ್ಟೊಂದೇ ಬಂದಲ್ಲಿ ಇನ್ನೂ ಉತ್ತಮ.

4. ಗೌರಿಬಿದನೂರು ಕಡೆ ಹೆಣ್ಣು ನೋಡಲು ಬರುವವರು ಉಪ್ಪಿಟ್ಟು, ತಾರಸಿ, ಪಹಣಿ ನೋಡಿ ಹೋಗುತ್ತಿದ್ದು, ಹೆಣ್ಣನ್ನು ನೋಡಿದ್ದಕ್ಕೆ ಸಾಕ್ಷಿ ಸಿಕ್ಕಿರುವುದಿಲ್ಲ. ಇಲಾಖೆಯ ಪದ್ಧತಿಗೆ ತೀರಾ ಹತ್ತಿರವಾದ ಈ ಕ್ರಮವನ್ನು ಶ್ಲಾಘಿಸಲಾಗಿದೆ. ಆದರೆ ಯಾಮಿನಿ ಎಂಬಾಕೆ “ನಾನೂ ನೋಡ್ದೆ, ಈ ಹುಡುಗ ಬೇಡ” ಎಂದಿದ್ದು, ಯಾರ ಅನುಮತಿಯಿಂದ ನೋಡಿದರೆಂದು ವಿವರಣೆ ಕೇಳಲಾಗಿದೆ.

5. ಕಣ್ಣಿನ ಸಹಾಯವಿಲ್ಲದೆ ನೋಡುವ ಅಧಿಕಾರ ಕಚೇರಿಗಳಿಗೆ ಮಾತ್ರ ಇರುತ್ತದೆ. “ನೋಡೋಣ” ಎಂದ ಅಧಿಕಾರಿ ಆಮೇಲೆ ನಿಜವಾಗಿಯೂ ನೋಡಿದ್ದು ರುಜುವಾತಾದಲ್ಲಿ ಅವರನ್ನು ಕಣ್ಣಾಸ್ಪತ್ರೆಗೆ ಕಳಿಸಲಾಗುವುದು.

6. ಹೀಗಿರುವಾಗ ಮಂಗಳವಾರ ಅಶ್ವತ್ಥಮ್ಮನವರು ಹಣ್ಣು ಹುಳದ ತಟ್ಟೆಯನ್ನು ಸೆರಗಿನ ಮರೆಯಲ್ಲಿ ತಂದು ಅಧಿಕಾರಿಗಳ ಮೇಜಿಗೆ ಸುರಿದು, “ನೀನು ಬರಲ್ಲ ಅಂದ್ಯಲ್ಲ ನಾಯ್ನಾ, ಅವೇ ಬಂದವೆ, ನೋಡು” ಎಂದಿರುತ್ತಾರೆ. ಮಗನು ಹಿಂದಿನಿಂದ, “ಕಣ್ಬಿಟ್ಟು ನೋಡಿ ಸಾರ್! ನೀವು ಸಾಯ್ಸಕ್ಕೆ ಹೊರ್ಟಿರೋ ಸೊಳ್ಳೆ ಇದೇ!” ಎಂದು ಪೂರಕ ಮಾಹಿತಿ ಒದಗಿಸಿರುತ್ತಾನೆ. ಅಧಿಕಾರಿಗಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದನ್ನು ನೋಡಿದ್ದೆಂದು ಪರಿಗಣಿಸತಕ್ಕದ್ದಲ್ಲ.

7. ಸದರಿ ಹುಳಗಳು ಪೂರ್ವಾನುಮತಿಯಿಲ್ಲದೆ ಕಡತ, ಕ್ಯಾಲೆಂಡರು ಹಾಗೂ ಹೊಗೆ ಆದೇಶಕ್ಕೆ ಒತ್ತಬೇಕಿದ್ದ ಮೊಹರಿನ ಸ್ಟ್ಯಾಂಡು ಹತ್ತಿ ನೂಲು ಬಿಡಲಾರಂಭಿಸಿರುತ್ತವೆ. ಈಗ ಮೊಹರು ಗೂಡುಗಳ ಒಳಗಿರುತ್ತದೆ.

8. ಮೊಹರು ಕಿತ್ತುಕೊಡಲು ಜವಾನ ವೆಂಕಟರವಣಪ್ಪನವರಿಗೆ ಆದೇಶಿಸಲಾಗಿ, ಮನೆಯಲ್ಲಿ ತಾವೂ ಹುಳ ಮೇಯಿಸುವ ಅವರು, “ಕಟ್ಟೋ ಹುಳನ ಯಾರಾದ್ರೂ ಅಲ್ಲಾಡಿಸ್ತಾರೇನ್ ಸಾರ್? ಮುಟ್ಟಿ, ಆಮೇಲೆ ನೋಡಿ!” ಎಂದು ಸ್ಟೂಲು ಹಾಕಿಕೊಂಡು ಕಾವಲು ಕುಳಿತಿರುತ್ತಾರೆ. ಟೈಪಿಸ್ಟ್ ಶೋಭಾರಾಣಿಯವರು ಫ್ಯಾನು ಆರಿಸಿ, ಇಡೀ ಸಿಬ್ಬಂದಿಗೆ ಪಿಸುಮಾತಿನಲ್ಲಿ ಕೆಲಸ ಮಾಡಲು ತಾಕೀತು ಮಾಡಿರುತ್ತಾರೆ. ಈ ಊರಿನವರನ್ನೇ ಈ ಊರಿನ ಕಚೇರಿಗೆ ನೇಮಿಸಿದ್ದು ಯಾರೆಂದು ವಿಚಾರಣೆಗೆ ಆದೇಶಿಸಲಾಗಿದೆ.

9. ಮೊಹರಿಲ್ಲದ ಆದೇಶಕ್ಕೆ ಹೊಗೆ ಯಂತ್ರದ ಡೀಸೆಲ್ ಸಿಗದ ಕಾರಣ, ಅಂಚಿನ ಬೀದಿಯ ಹೊಗೆಯನ್ನು ಗೂಡು ಬಿಡಿಸುವ ತನಕ ಮುಂದೂಡಲಾಗಿದೆ. ಸಿದ್ಧಾರ್ಥ್‌ನ ಕೋರಿಕೆ ಈಡೇರಿತೆಂದು ಇದಕ್ಕೆ ಅರ್ಥ ಕಲ್ಪಿಸುವಂತಿಲ್ಲ. ಸದರಿ ಕೋರಿಕೆಯನ್ನು ಈ ಕಚೇರಿ ಇನ್ನೂ ನೋಡಿರುವುದಿಲ್ಲ.

ಸಹಿ/-
(ಮುರಳಿಮೋಹನ್)
ಅಧಿಕಾರಿ, ಹೊಗೆ ವಿಭಾಗ
(ಸದ್ಯ ವರಾಂಡದಲ್ಲಿ)

ಪ್ರತಿಗಳು:
ಮೇಲಧಿಕಾರಿಗಳಿಗೆ, ತೆರೆಯದೆ ಕಡತಕ್ಕೆ ಸೇರಿಸಲು.
ಅಂಚಿನ ಬೀದಿಯ ಸಮಸ್ತ ಸೊಳ್ಳೆಗಳಿಗೆ, ಮುಂದಿನ ಆದೇಶದವರೆಗೆ ಸಂಯಮದಿಂದ ಕಚ್ಚಲು ಕೋರಿ.
ಸಿದ್ಧಾರ್ಥ್ ಬಿನ್ ಬಯ್ಯಪ್ಪನಿಗೆ, ಮನೆಯ ಗೂಡು ಬಿಡಿಸಿದ ಮೇಲೆ ಕಚೇರಿಯದನ್ನೂ ಬಿಡಿಸಿಕೊಂಡು ಹೋಗಲು. ಬರುವಾಗ ತಾಯಿಯವರನ್ನು ಮನೆಯಲ್ಲೇ ಬಿಟ್ಟು ಬರತಕ್ಕದ್ದು.